ಮುಳುಗಿದರೂ ಸಾಯದ ಬತ್ತ

ಬತ್ತವು ನೀರಿನಲ್ಲಿ ಬೆಳೆಯುವ ಪೈರೆಂಬುದನ್ನು ನಗರದಲ್ಲಿ ಹುಟ್ಟಿ ಬೆಳೆದ ಮಕ್ಕಳೂ ಬಲ್ಲರು. ಪಾಠಪುಸ್ತಕದಲ್ಲಿ ಕೆಸರುಗದ್ದೆಯ ಚಿತ್ರವಿರುತ್ತದೆ. ರೈಲಿನ ಕಿಟಕಿಯಿಂದ ನೋಡಿದರೆ ಹೊಳೆಯುವ ನೀರಿನ ನಡುವೆ ತಲೆಯೆತ್ತಿ ನಿಂತ ಹಸುರು ಕಾಣುತ್ತದೆ. ಅಂತಹ ಪೈರು ನೀರಿನಲ್ಲಿ ಮುಳುಗಿ ಸಾಯುತ್ತದೆಂದರೆ ಯಾರಾದರೂ ನಂಬಿಯಾರೇ? ಮೀನು ಮುಳುಗಿ ಸತ್ತಿತೆಂದು ಹೇಳಿದಂತಾಯಿತು! ಆದರೆ ಮಾತು ನಿಜ. ಬತ್ತದ ಬುಡಕ್ಕೆ ನೀರು ಬೇಕು, ತಲೆಗೆ ಗಾಳಿ ಬೇಕು. ನೀರು ತಲೆಯ ಮೇಲೂ ಹರಿದು, ವಾರಕ್ಕೆ ಮೀರಿ ಹಾಗೆಯೇ ನಿಂತರೆ ಸಾಮಾನ್ಯ ತಳಿಗಳು ಉಳಿಯುವುದಿಲ್ಲ.

ಒಡಿಶಾದ ಕರಾವಳಿ, ಬಿಹಾರ, ಅಸ್ಸಾಂ, ಉತ್ತರ ಪ್ರದೇಶದ ಪೂರ್ವಭಾಗ, ಬಾಂಗ್ಲಾದೇಶ—ಈ ಸೀಮೆಯ ರೈತನಿಗೆ ಇದು ಪುಸ್ತಕದ ವಿಷಯವಲ್ಲ. ನಾಟಿ ಮುಗಿದು ಪೈರು ಬೇರೂರಿ ನಾಲ್ಕು ವಾರವಾಗುವಷ್ಟರಲ್ಲಿ ನದಿ ಉಕ್ಕುತ್ತದೆ. ನೀರು ಇಳಿಯುವ ಹೊತ್ತಿಗೆ ಗದ್ದೆಯಲ್ಲಿ ಕೊಳೆತ ಹುಲ್ಲು ಮಾತ್ರ ಉಳಿದಿರುತ್ತದೆ. ಮತ್ತೆ ಸಸಿ ಮಡಿ ಮಾಡಲು ಬೀಜವಿಲ್ಲ, ಕಾಲವೂ ಮೀರಿದೆ. ಸಾಲ ಮಾತ್ರ ಹಾಗೆಯೇ ಇದೆ. ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಹೀಗೆ ವರ್ಷವೊಂದಕ್ಕೆ ನೀರುಪಾಲಾಗುವ ಬತ್ತ ಸುಮಾರು ೪೦ ಲಕ್ಷ ಟನ್, ಅಂದರೆ ೩ ಕೋಟಿ ಜನರ ಊಟ ಎಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯವರು ಅಂದಾಜು ಮಾಡಿದ್ದರು.

ಈ ಕಷ್ಟಕ್ಕೆ ಒಂದು ಪರಿಹಾರ ದೊರೆತ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಒಡಿಶಾದ ಗದ್ದೆಯಲ್ಲಿ ಹುಟ್ಟಿ, ಅಮೆರಿಕದ ಪ್ರಯೋಗಶಾಲೆಯನ್ನು ಸುತ್ತಿ, ಮತ್ತೆ ಒಡಿಶಾದ ಗದ್ದೆಗೇ ಬಂದಿಳಿದ ಕಥೆ.

ಅವಸರವೇ ಅಪಾಯ

ಮುಳುಗಿದ ಪೈರಿಗೆ ಉಸಿರು ಕಟ್ಟಿ ಸಾವು ಬರುತ್ತದೆಂದು ನಾವು ಊಹಿಸುತ್ತೇವೆ. ಅದು ಅರ್ಧ ಸತ್ಯ. ಉಳಿದರ್ಧದಲ್ಲಿ ಪೈರಿನ ತಪ್ಪೇ ಇದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣುಮಾಡುವುದು ನಮ್ಮ ಮನೆಗಳಲ್ಲಿ ನಡೆದುಬಂದ ಪದ್ಧತಿ. ಕಾಯಿ ತಾನೇ ಹೊರಬಿಡುವ ಎಥಿಲೀನ್ ಎಂಬ ಅನಿಲ ಹುಲ್ಲಿನೊಳಗೆ ಸೆರೆಯಾಗಿ ಕಾಯನ್ನು ಮಾಗಿಸುತ್ತದೆ. ಬತ್ತದ ಎಲೆಯೂ ಈ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಿರುತ್ತದೆ. ಬಯಲಿನಲ್ಲಿ ಅದು ಗಾಳಿಯೊಡನೆ ಹೋಗುತ್ತದೆ. ನೀರಿನಲ್ಲಿ ಅನಿಲಗಳ ಹರಡಿಕೆ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾದ್ದರಿಂದ ಗಿಡದೊಳಗೇ ಸೆರೆಯಾಗುತ್ತದೆ. ಆಗ ಪೈರಿಗೆ ತಾನು ಮುಳುಗಿರುವುದು ತಿಳಿಯುತ್ತದೆ. ಗಾಬರಿಯಿಂದ ಅದು ಎತ್ತರಕ್ಕೆ ಬೆಳೆಯತೊಡಗುತ್ತದೆ. ಹೇಗಾದರೂ ಮಾಡಿ ಎಲೆಯ ತುದಿಯನ್ನು ನೀರಿನ ಮೇಲಕ್ಕೆ ತಲುಪಿಸಬೇಕೆಂಬ ಅವಸರ ಅದಕ್ಕೆ.

ನೀರು ಒಂದು ಗೇಣು ಮಾತ್ರ ಏರಿದ್ದರೆ ಈ ಉಪಾಯ ಫಲಿಸುತ್ತದೆ. ಆಳ ನೀರಿನ ಕೆಲವು ಹಳೆಯ ತಳಿಗಳಂತೂ ಏರುವ ನೀರಿನೊಡನೆಯೇ ಆಳೆತ್ತರ ಬೆಳೆದು ತೇಲಿಕೊಂಡು ಬದುಕುತ್ತವೆ. ಆದರೆ ನಾಲ್ಕಾರು ದಿನಗಳಲ್ಲಿ ಉಕ್ಕಿ, ಹತ್ತು ಹದಿನೈದು ದಿನ ನಿಂತು ಇಳಿದುಹೋಗುವ ನೆರೆಯಲ್ಲಿ ಈ ಓಟವೇ ಮೃತ್ಯು. ಕಾಂಡದಲ್ಲಿ ಕೂಡಿಟ್ಟ ಸಕ್ಕರೆ, ಪಿಷ್ಟಗಳೆಲ್ಲ ವೆಚ್ಚವಾಗಿ ಹೋಗುತ್ತವೆ. ನೀರು ಇಳಿದಾಗ ಸಣಕಲಾದ ಉದ್ದನೆಯ ಪೈರು ತನ್ನ ಭಾರವನ್ನು ತಾನೇ ಹೊರಲಾರದೆ ಮಲಗಿಬಿಡುತ್ತದೆ; ಮತ್ತೆ ಚಿಗುರಲು ಅದರಲ್ಲಿ ಬಂಡವಾಳವಿರುವುದಿಲ್ಲ.

ಒಡಿಶಾದ ರೈತರು ಬಹುಕಾಲದಿಂದ ಬೆಳೆಯುತ್ತಿದ್ದ ಧಲಪುತ್ತಿಯಾ ಎಂಬ ನಾಡತಳಿಗೆ ಈ ದುರ್ಬುದ್ಧಿ ಇರಲಿಲ್ಲ. ಅದು ಮುಳುಗಿದೊಡನೆ ಬೆಳೆಯುವುದನ್ನೇ ನಿಲ್ಲಿಸಿ, ಕುಂಭಕರ್ಣನಂತೆ ನಿದ್ರೆಗೆ ಬೀಳುತ್ತಿತ್ತು. ನೀರು ಇಳಿದ ಮೇಲೆ ಕೂಡಿಟ್ಟ ಪಿಷ್ಟದ ಬಲದಿಂದ ಹೊಸ ಎಲೆ ತಳೆಯುತ್ತಿತ್ತು. ಅದರಿಂದ ಆರಿಸಿ ಶುದ್ಧಗೊಳಿಸಿದ ತಳಿಗೆ ಕೃಷಿ ಇಲಾಖೆಯವರಿಟ್ಟ ಹೆಸರು ಎಫ್.ಆರ್. ೧೩ ಎ. ಮೊದಲೆರಡು ಅಕ್ಷರಗಳು ‘ನೆರೆ ತಾಳುವುದು’ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಷ್ಟೆ. ೧೯೭೦ರ ದಶಕದಲ್ಲಿ ಫಿಲಿಪ್ಪೀನ್ಸಿನ ಸಂಸ್ಥೆಯವರು ತಮ್ಮ ಉಗ್ರಾಣದ ಸಹಸ್ರಾರು ತಳಿಗಳನ್ನು ತೊಟ್ಟಿಗಳಲ್ಲಿ ಮುಳುಗಿಸಿ ಪರೀಕ್ಷಿಸಿದಾಗ ಮೇಲ್ಪಂಕ್ತಿಯಲ್ಲಿ ನಿಂತವುಗಳಲ್ಲಿ ಇದೊಂದು. ಈ ಬೀಜವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಒಕ್ಕಲು ಮಕ್ಕಳ ಹೆಸರು ಯಾವ ಪ್ರಬಂಧದಲ್ಲಿಯೂ ಇಲ್ಲವೆಂಬುದನ್ನು ನಾನು ಇಲ್ಲಿ ಒಂದು ಮಾತಿನಲ್ಲಿಯಾದರೂ ಸೂಚಿಸದೆ ಮುಂದೆ ಹೋಗಲಾರೆ.

ಆದರೆ ಎಫ್.ಆರ್. ೧೩ ಎ ತಳಿಯ ಇಳುವರಿ ಅಲ್ಪ, ಕಾಳೂ ಅಷ್ಟಕ್ಕಷ್ಟೆ. ಒಳ್ಳೆಯ ತಳಿಯೊಡನೆ ಅದನ್ನು ಕೂಡಿಸಿದರಾಯಿತೆಂದು ಹಲವರು ಪ್ರಯತ್ನಿಸಿದರು. ೧೯೯೦ರ ದಶಕದ ಹೊತ್ತಿಗೆ ಇಳುವರಿಯೂ ಉಂಟು, ನೆರೆಯನ್ನೂ ತಾಳುತ್ತದೆ ಎನ್ನುವಂತಹ ತಳಿಗಳು ಸಿದ್ಧವಾದುವು. ರೈತರು ಅವನ್ನು ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದುದು ಹೊಸ ಅಕ್ಕಿಯಲ್ಲ. ತಾವು ಉಂಡು ಬಲ್ಲ, ಸಂತೆಯಲ್ಲಿ ಬೆಲೆ ಬರುವ ತಮ್ಮ ಅಕ್ಕಿಯೇ, ಮುಳುಗಿದರೂ ಉಳಿಯುವಂತಾಗಬೇಕು. ಈ ಹಟವನ್ನು ಅಜ್ಞಾನವೆನ್ನುವ ಮೊದಲು, ನಮ್ಮ ಮನೆಗೆ ಬೇರೆ ಅಕ್ಕಿ ಬಂದ ದಿನ ಊಟದ ಪಂಕ್ತಿಯಲ್ಲಿ ಏನೇನು ಮಾತು ಬರುತ್ತದೆಂಬುದನ್ನು ನೆನೆಸಿಕೊಳ್ಳೋಣ!

ಆ ಸೀಮೆಯವರ ‘ತಮ್ಮ ಅಕ್ಕಿ’ಯ ಹೆಸರು ಸ್ವರ್ಣ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮಾರುಟೇರು ಸಂಶೋಧನ ಕೇಂದ್ರದಲ್ಲಿ ವಸಿಷ್ಠ ಮತ್ತು ಮಹ್ಸೂರಿ ಎಂಬ ತಳಿಗಳ ಸಂಕರದಿಂದ ಹುಟ್ಟಿ, ೧೯೮೨ರಲ್ಲಿ ಬಿಡುಗಡೆಯಾಗಿ, ಪೂರ್ವಭಾರತವನ್ನೆಲ್ಲ ಆವರಿಸಿದ ತಳಿ ಅದು. ಮಹ್ಸೂರಿ ಎಂಬ ಹೆಸರನ್ನು ಕೇಳಿ ವಾಚಕರು ತಲೆಯೆತ್ತಿರಬಹುದು. ಹೌದು, ನಮ್ಮ ದಿನಸಿ ಅಂಗಡಿಯ ಸೋನಾ ಮಸೂರಿಗೂ ಅದೇ ಹಿರಿಯರ ಸಂಬಂಧ. ಮಲಯದ ತಳಿಗೂ ತೈವಾನಿನ ತಳಿಗೂ ನಮ್ಮ ಕಟಕ್‌ನಲ್ಲಿ ಸಂಬಂಧ ಬೆಳೆಸಿ, ಮಲಯದಲ್ಲಿ ಆರಿಸಿ ತೆಗೆದ ಬತ್ತ ಅದು. ಸೋನಾ ಮಸೂರಿಯ ಅನ್ನವುಣ್ಣುವ ಬೆಂಗಳೂರಿನವರಿಗೆ ಒಡಿಶಾದ ಸ್ವರ್ಣ ದಾಯಾದಿಯೇ ಆಯಿತು.

ಮದ್ದೂರು, ಮಂಡ್ಯಗಳ ನಡುವೆ

ಸ್ವರ್ಣವನ್ನು ಸ್ವರ್ಣವಾಗಿಯೇ ಉಳಿಸಿ, ನೆರೆ ತಾಳುವ ಒಂದೇ ಒಂದು ಗುಣವನ್ನು ಅದರೊಳಕ್ಕೆ ತರುವುದು ಹೇಗೆ? ಮೊದಲು ಆ ಗುಣ ಎಲ್ಲಿದೆಯೆಂದು ತಿಳಿಯಬೇಕು.

ಬತ್ತದ ಪ್ರತಿಯೊಂದು ಜೀವಕೋಶದಲ್ಲಿಯೂ ೧೨ ಜೊತೆ ವರ್ಣತಂತುಗಳಿವೆ. ಅವುಗಳ ಉದ್ದಕ್ಕೂ ಡಿ.ಎನ್.ಎ. ಎಂಬ ದ್ರವ್ಯದ ನಾಲ್ಕೇ ಅಕ್ಷರಗಳಲ್ಲಿ ಗಿಡದ ಜಾತಕವೆಲ್ಲ ಬರೆದಿದೆ. ಅಕ್ಷರಗಳ ಸಂಖ್ಯೆ ಸುಮಾರು ೩೯ ಕೋಟಿ. ಭಾರತವೂ ಸೇರಿದಂತೆ ಹಲವು ದೇಶಗಳು ಕೂಡಿ ೨೦೦೫ರಲ್ಲಿ ಈ ಓದನ್ನು ಮುಗಿಸಿದುವು. ಒಂದೊಂದು ಗುಣವನ್ನೂ ತಲೆಮಾರಿನಿಂದ ತಲೆಮಾರಿಗೆ ಒಯ್ಯುವ ವಾಕ್ಯಗಳೇ ವಂಶವಾಹಿಗಳು. ೩೯ ಕೋಟಿ ಅಕ್ಷರಗಳಲ್ಲಿ ಒಂದು ವಾಕ್ಯವನ್ನು ಹುಡುಕುವುದೆಂದರೆ ಹುಡುಗಾಟವೇ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಕತ್ತಲೆಯ ಹೊತ್ತು ಹೊರಟಿದ್ದೀರಿ ಎಂದು ಭಾವಿಸಿ. ಹನಕೆರೆಯಲ್ಲಿ ಇಳಿಯಬೇಕು, ಅಲ್ಲಿ ಫಲಕ ಕಾಣದು. ಆದರೆ ಮದ್ದೂರಿನಲ್ಲಿ ವಡೆ ಮಾರುವವನ ಕೂಗು ಕೇಳಿತು, ಮಂಡ್ಯದ ದೀಪಗಳು ಇನ್ನೂ ಬಂದಿಲ್ಲ. ಅಂದಮೇಲೆ ನಿಮ್ಮ ಊರು ಈ ನಡುವೆಯೇ ಇರಬೇಕು. ವಂಶವಾಹಿಯನ್ನು ಹುಡುಕುವವರು ಮಾಡುವುದೂ ಇದನ್ನೇ. ವರ್ಣತಂತುವಿನ ಮೇಲೆ ಸುಲಭವಾಗಿ ಗುರುತಿಸಬಹುದಾದ ತಾಣಗಳು ಅನೇಕವಿವೆ. ಕೆಲವು ಕಡೆ ಎರಡು ಮೂರು ಅಕ್ಷರಗಳು ಸುಮ್ಮನೆ ಮತ್ತೆಮತ್ತೆ ಬರೆದಿರುತ್ತವೆ, ತೊದಲುವವನ ಮಾತಿನಂತೆ. ಈ ತೊದಲು ಒಂದು ತಳಿಯಲ್ಲಿ ಹತ್ತು ಸಲ, ಇನ್ನೊಂದರಲ್ಲಿ ಹದಿನೇಳು ಸಲ. ಅದರಿಂದ ಗಿಡಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಆ ತುಂಡು ತಂದೆಯಿಂದ ಬಂತೋ ತಾಯಿಯಿಂದ ಬಂತೋ ಎಂಬುದನ್ನು ಅದು ಹೇಳಿಬಿಡುತ್ತದೆ. ಇಂತಹ ತಾಣಗಳನ್ನೇ ಶಾಸ್ತ್ರಜ್ಞರು ಗುರುತುಗಳೆಂದು ಕರೆಯುತ್ತಾರೆ. ವಂಶವಾಹಿಯ ಅಕ್ಕಪಕ್ಕದ ಗುರುತು ಸಾಮಾನ್ಯವಾಗಿ ಅದರೊಡನೆಯೇ ಮಕ್ಕಳಿಗೆ ಹೋಗುತ್ತದೆ. ಗುರುತು ಸಿಕ್ಕಿತೆಂದರೆ ಗುಣವೂ ಬಂದಿರಬೇಕು.

ಭಾವನೆ ಹೊಸದಲ್ಲ. ೧೯೨೩ರಲ್ಲಿಯೇ ಕಾರ್ಲ್ ಸ್ಯಾಕ್ಸ್ ಎಂಬ ಅಮೆರಿಕದ ವಿಜ್ಞಾನಿ ಹುರುಳಿಕಾಯಿಯ ಬೀಜದ ಬಣ್ಣಕ್ಕೂ ತೂಕಕ್ಕೂ ಇಂತಹ ಜೊತೆಗಾರಿಕೆಯಿದೆಯೆಂದು ತೋರಿಸಿದ್ದ. ಆದರೆ ಕಣ್ಣಿಗೆ ಕಾಣುವ ಗುರುತುಗಳು ಎಷ್ಟಿದ್ದಾವು? ಡಿ.ಎನ್.ಎ.ಯನ್ನೇ ಓದುವುದು ಸಾಧ್ಯವಾದ ಮೇಲೆ ಗುರುತುಗಳಿಗೆ ಬರವಿಲ್ಲದಾಯಿತು. ೧೯೮೮ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಮೆಕೌಚ್ ಮತ್ತು ಸಂಗಡಿಗರು ಬತ್ತದ ಇಂತಹ ಮೊದಲ ನಕ್ಷೆಯನ್ನು ಪ್ರಕಟಿಸಿದರು.

೧೯೯೬ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಡೇವಿಡ್ ಮೆಕಿಲ್ ಮತ್ತು ಅವರ ಶಿಷ್ಯ ಕೆನಾಂಗ್ ಷೂ ನೆರೆ ತಾಳುವ ಗುಣದ ಬಹುಪಾಲು ಒಂಬತ್ತನೆಯ ವರ್ಣತಂತುವಿನ ಒಂದು ತಾಣದಲ್ಲಿದೆ ಎಂದು ಕಂಡುಹಿಡಿದರು. ಅದಕ್ಕೆ ಸಬ್ ೧ ಎಂದು ಹೆಸರಾಯಿತು. ಅಲ್ಲಿಂದ ಆ ತಾಣದ ಒಳಹೊಕ್ಕು ವಂಶವಾಹಿಯನ್ನೇ ಬೇರ್ಪಡಿಸಲು ಇನ್ನೂ ಹತ್ತು ವರ್ಷ ಬೇಕಾಯಿತು. ಡೇವಿಸ್‌ನ ಪಮೇಲಾ ರೊನಾಲ್ಡ್ ಅವರ ಪ್ರಯೋಗಶಾಲೆಯೂ ಕೈಜೋಡಿಸಿ, ೨೦೦೬ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಒಟ್ಟಿಗಿದ್ದ ಮೂರು ವಂಶವಾಹಿಗಳಲ್ಲಿ ಸಬ್ ೧ ಎ ಎಂಬುದೇ ಮುಳುಗಿದ ಪೈರಿನ ಅವಸರಕ್ಕೆ ಕಡಿವಾಣ ಹಾಕುವುದು.

ಸಾರಿನಲ್ಲಿ ಒಂದು ಮೆಣಸಿನಕಾಳು

ಇನ್ನು ಕೂಡಿಕೆಯ ಕೆಲಸ. ಸಂಸ್ಥೆಯಲ್ಲಿ ಎಫ್.ಆರ್. ೧೩ ಎಯಿಂದ ಮೊದಲೇ ಬೆಳೆಸಿಕೊಂಡಿದ್ದ ಒಂದು ತಳಿಯೊಡನೆ ಸ್ವರ್ಣವನ್ನು ಸಂಕರಿಸಿದರೆ ಹುಟ್ಟುವ ಸಸಿಯಲ್ಲಿ ಅರ್ಧ ಸ್ವರ್ಣ, ಅರ್ಧ ಹೊರಗಿನದು. ಅದನ್ನು ಮತ್ತೆ ಸ್ವರ್ಣದೊಡನೆ ಸಂಕರಿಸಿದರೆ ಹೊರಗಿನದು ಸರಾಸರಿ ಕಾಲು ಭಾಗ; ಮತ್ತೆ ಮಾಡಿದರೆ ಅರೆಕಾಲು. ಗೃಹಿಣಿಯರಿಗೆ ಈ ಲೆಕ್ಕ ಹೊಸದಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು. ಅರ್ಧ ತೆಗೆದು ಉಪ್ಪಿಲ್ಲದ ಸಾರು ಬೆರೆಸುತ್ತೀರಿ. ಮತ್ತೆ ಅರ್ಧ ತೆಗೆದು ಮತ್ತೆ ಬೆರೆಸುತ್ತೀರಿ. ಉಪ್ಪು ಕಡಮೆಯಾಗುತ್ತ ಬರುತ್ತದೆ. ಆದರೆ ಆ ಪಾತ್ರೆಯಲ್ಲಿ ಒಂದೇ ಒಂದು ಮೆಣಸಿನಕಾಳಿದೆ, ಅದು ಮಾತ್ರ ಉಳಿಯಬೇಕು ಎಂದರೆ? ಪ್ರತಿ ಸಲವೂ ಸೌಟಿನೊಡನೆ ಕಾಳು ಹೊರಟುಹೋಗುವ ಸಂಭವ ಅರ್ಧಕ್ಕರ್ಧ. ಅದು ಹೋಯಿತೋ ಉಳಿಯಿತೋ ನೋಡದೆ ಮುಂದುವರಿಯುವಂತಿಲ್ಲ.

ಹಿಂದೆ ಹೀಗೆ ನೋಡುವುದಕ್ಕೆ ಪ್ರತಿ ತಲೆಮಾರಿನ ಸಸಿಗಳನ್ನೂ ಹತ್ತು ಹನ್ನೆರಡು ದಿನ ತೊಟ್ಟಿಯಲ್ಲಿ ಮುಳುಗಿಸಿ, ಸತ್ತುವೆಷ್ಟು, ಬದುಕಿದುವೆಷ್ಟು ಎಂದು ಎಣಿಸಬೇಕಾಗಿತ್ತು. ಬದುಕಿದುವೂ ಬಳಲಿರುತ್ತಿದ್ದುವು. ಈಗ ಮುಳುಗಿಸುವುದೇ ಬೇಡ. ಎಳೆಯ ಸಸಿಯ ಎಲೆಯ ಚೂರೊಂದು ಸಾಕು. ಅದರಿಂದ ಡಿ.ಎನ್.ಎ. ತೆಗೆದು, ಗುರುತಿನ ತುಂಡನ್ನು ಮಾತ್ರ ಯಂತ್ರದಲ್ಲಿ ಪ್ರತಿಮಾಡುತ್ತಾರೆ. ೧೯೮೩ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ, ೧೯೯೩ರಲ್ಲಿ ಅವರಿಗೆ ನೊಬೆಲ್ ಬಹುಮಾನ ತಂದ ವಿಧಾನವಿದು. ಚದುರಂಗದ ಮನೆಗಳಲ್ಲಿ ಕಾಳನ್ನು ಇಮ್ಮಡಿಸುತ್ತ ಹೋದ ಕಥೆಯಂತೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತು ತಿರುಗುವಷ್ಟರಲ್ಲಿ ನೂರು ಕೋಟಿಗೆ ಮೀರುತ್ತದೆ. ಅದನ್ನು ಮಿದುವಾದ ಅಂಟಿನ ಹಲಗೆಯೊಂದರ ಮೇಲೆ ವಿದ್ಯುತ್ತಿನಿಂದ ಓಡಿಸಿದರೆ ಚಿಕ್ಕ ತುಂಡು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಬೀಳುತ್ತದೆ. ನೇರಿಳೆ ಬೆಳಕಿನಲ್ಲಿ ಗೆರೆಗಳು ಹೊಳೆಯುತ್ತವೆ. ಈ ಗೆರೆ ಸ್ವರ್ಣದ್ದು, ಆ ಗೆರೆ ಹೊರಗಿನದು ಎಂದು ಓದಿಬಿಡಬಹುದು. ಸಸಿ ಇನ್ನೂ ಮಡಿಯಲ್ಲಿರುವಾಗಲೇ ಅದರ ಭವಿಷ್ಯ ತಿಳಿಯಿತು.

ಲಾಭ ಇನ್ನೊಂದಿದೆ. ಬೇಕಾದ ತಾಣದಲ್ಲಿ ಹೊರಗಿನ ಗೆರೆ ಇರುವ ಸಸಿಗಳಲ್ಲಿಯೇ, ಉಳಿದ ಹನ್ನೊಂದು ವರ್ಣತಂತುಗಳಲ್ಲಿ ಸ್ವರ್ಣದ ಗೆರೆಗಳು ಹೆಚ್ಚಾಗಿರುವುದನ್ನು ಆರಿಸಬಹುದು. ಹೀಗಾಗಿ ಆರೇಳು ಸಲ ಮಾಡಬೇಕಾಗಿದ್ದ ಮರುಸಂಕರವನ್ನು ಎರಡು ಮೂರು ಸಲಕ್ಕೆ ಇಳಿಸಿದರು. ಹೈದರಾಬಾದಿನಿಂದ ಅಲ್ಲಿಗೆ ಹೋಗಿದ್ದ ನಮ್ಮ ದೇಶದ ಸಿ. ಎನ್. ನೀರಜಾ ಅವರೂ ಮೆಕಿಲ್ ಮೊದಲಾದವರೂ ಮೊದಲ ಮರುಸಂಕರದಲ್ಲಿಯೇ ಏಳುನೂರರಷ್ಟು ಸಸಿಗಳ ಗೆರೆಗಳನ್ನು ಓದಿ, ಬೇಕಾದ ವಂಶವಾಹಿಯ ಒಂದು ಪಕ್ಕದಲ್ಲಿ ತುಂಡು ಹತ್ತಿರವೇ ಕತ್ತರಿಸಿಹೋದ ಕೆಲವನ್ನು ಮಾತ್ರ ಇಟ್ಟುಕೊಂಡರು. ಮುಂದಿನ ತಲೆಮಾರಿನಲ್ಲಿ ಇನ್ನೊಂದು ಪಕ್ಕವನ್ನು ನೋಡಿದರು. ೨೦೦೭ರಲ್ಲಿ ಅವರ ಪ್ರಬಂಧ ಹೊರಬಂತು. ೨೦೦೯ರಲ್ಲಿ ಸ್ವರ್ಣ ಸಬ್ ೧ ಭಾರತದಲ್ಲಿ ಬಿಡುಗಡೆಯಾಯಿತು, ಮರುವರ್ಷ ಬಾಂಗ್ಲಾದೇಶದಲ್ಲಿ.

ಇಷ್ಟು ಎಚ್ಚರ ವಹಿಸಿದರೂ ಒಂದು ಸಣ್ಣ ವಿನೋದ ನಡೆದುಹೋಯಿತು. ಸ್ವರ್ಣಕ್ಕೆ ಆ ಹೆಸರು ಒಪ್ಪುವಂತೆ ಅದರ ಬತ್ತದ ಸಿಪ್ಪೆ ಹೊನ್ನಿನ ಬಣ್ಣದ್ದು. ಸಿಪ್ಪೆಯ ಬಣ್ಣವನ್ನು ತೀರ್ಮಾನಿಸುವ ವಂಶವಾಹಿಯೊಂದು ಸಬ್ ೧ರ ನೆರೆಮನೆಯಲ್ಲಿಯೇ ಇದೆ. ನೆಂಟನನ್ನು ಕರೆದರೆ ಅವನ ಪಕ್ಕದ ಮನೆಯವನೂ ಜೊತೆಗೆ ಬಂದಂತೆ, ಬೇಡದ ಬಣ್ಣವೂ ಒಳಹೊಕ್ಕಿತು. ಸ್ವರ್ಣ ಸಬ್ ೧ರ ಸಿಪ್ಪೆ ಹುಲ್ಲಿನ ಬಣ್ಣವಾಯಿತು—ಚಿನ್ನವಿಲ್ಲದ ಸ್ವರ್ಣ! ಅಕ್ಕಿ ಮಾಡಿದರೆ ವ್ಯತ್ಯಾಸವಿಲ್ಲವಾದರೂ ಕಣ್ಣಿನಿಂದ ಬೆಲೆ ಕಟ್ಟುವ ಸಂತೆಯಲ್ಲಿ ಬಣ್ಣಕ್ಕೂ ಮಾತಿದೆ. ಬೀಜದವರಿಗೆ ಮಾತ್ರ ಇದರಿಂದ ಅನುಕೂಲವೇ ಆಯಿತು. ಮುಷ್ಟಿಯಲ್ಲಿ ಹಿಡಿದ ಬತ್ತ ಹಳೆಯ ಸ್ವರ್ಣವೋ ಹೊಸದೋ ಎಂದು ಯಾವ ಯಂತ್ರವೂ ಇಲ್ಲದೆ ಹೇಳಬಹುದು. ಕಾರ್ಲ್ ಸ್ಯಾಕ್ಸ್ ಇದ್ದಿದ್ದರೆ ನಕ್ಕಾರು.

ಇದು ಕುಲಾಂತರಿ ಬೆಳೆಯೇ ಎಂದು ಅನೇಕರು ಕೇಳುತ್ತಾರೆ. ಅಲ್ಲ. ಇಲ್ಲಿ ಬತ್ತದ ಪರಾಗ ಬತ್ತಕ್ಕೇ ಬಿದ್ದಿದೆ. ಪ್ರಯೋಗಶಾಲೆ ಮಾಡಿದ್ದು ಆರಿಸುವ ಕೆಲಸವನ್ನು ಮಾತ್ರ. ಸಬ್ ೧ ಎ ವಂಶವಾಹಿಯೇ ಕಾರಣವೆಂದು ಖಚಿತಪಡಿಸಿಕೊಳ್ಳಲು ಪ್ರಯೋಗಶಾಲೆಯೊಳಗೆ ಅದನ್ನು ಬೇರೆ ಬತ್ತಕ್ಕೆ ಕೃತಕವಾಗಿ ಸೇರಿಸಿ ನೋಡಿದ್ದುಂಟು. ರೈತರಿಗೆ ಕೊಟ್ಟ ಬೀಜಕ್ಕೂ ಆ ಗಿಡಕ್ಕೂ ಸಂಬಂಧವಿಲ್ಲ. ಸಾಂದರ್ಭಿಕವಾಗಿ ಹೇಳುವುದಾದರೆ, ಪಮೇಲಾ ರೊನಾಲ್ಡ್ ಅವರ ಪತಿ ಸಾವಯವ ಕೃಷಿಕರು; ದಂಪತಿಗಳಿಬ್ಬರೂ ಕೂಡಿ ಈ ವಿಷಯವಾಗಿ ಪುಸ್ತಕವನ್ನೇ ಬರೆದಿದ್ದಾರೆ. ಆ ಮನೆಯ ಊಟದ ಹೊತ್ತಿನ ಚರ್ಚೆ ಕೇಳುವಂತಿರಬೇಕು.

ತಗ್ಗಿನ ಗದ್ದೆ ಯಾರದು?

ಬೀಜ ಸಿದ್ಧವಾಯಿತು, ಗದ್ದೆಯಲ್ಲಿ ಏನಾಯಿತು? ಅರ್ಥಶಾಸ್ತ್ರಜ್ಞರ ತಂಡವೊಂದು ಒಡಿಶಾದಲ್ಲಿ ಇದನ್ನು ಕ್ರಮವಾಗಿ ಪರೀಕ್ಷಿಸಿತು. ಹಳ್ಳಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಕೆಲವು ಕಡೆಯ ರೈತರಿಗೆ ಐದೈದು ಕಿಲೋಗ್ರಾಂ ಬೀಜ ಕೊಟ್ಟರು. ಉಳಿದವರು ಎಂದಿನಂತೆ ಬೆಳೆದರು. ೨೦೧೧ರಲ್ಲಿ ನೆರೆ ಬಂತು. ಹತ್ತು ದಿನ ಮುಳುಗಿದ ಗದ್ದೆಗಳಲ್ಲಿ ಹೊಸ ತಳಿ ಹಳೆಯದಕ್ಕಿಂತ ಶೇಕಡಾ ೪೫ರಷ್ಟು ಹೆಚ್ಚು ಕೊಡುತ್ತದೆಂದು ೨೦೧೩ರಲ್ಲಿ ಪ್ರಕಟವಾದ ಅವರ ಲೆಕ್ಕ ಹೇಳಿತು. ನೆರೆ ಬಾರದ ಗದ್ದೆಯಲ್ಲಿ ಇಳುವರಿ ಕಡಮೆಯೇನೂ ಆಗಲಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ನೆರೆಗೆ ಸುಲಭವಾಗಿ ತುತ್ತಾಗುವ ತಗ್ಗಿನ ಭೂಮಿ ಹೆಚ್ಚಾಗಿ ಪರಿಶಿಷ್ಟ ಜಾತಿಯ ರೈತರದಾಗಿತ್ತು. ಎತ್ತರದ ನೆಲ ಮೇಲಿನವರಿಗೆ, ನೀರು ನಿಲ್ಲುವ ನೆಲ ಕೆಳಗಿನವರಿಗೆ—ಹಂಚಿಕೆ ಯಾವ ಕಾಲದಲ್ಲಿ ಆಯಿತೋ! ಬೀಜಕ್ಕೆ ಜಾತಿ ಗೊತ್ತಿಲ್ಲ; ಆದರೂ ನೆರೆ ತಾಳುವ ಬೀಜದ ಲಾಭ ಅವರಿಗೇ ಹೆಚ್ಚಾಗಿ ದೊರೆಯಿತು. ೨೦೧೬ರಲ್ಲಿ ಪ್ರಕಟವಾದ ಮುಂದಿನ ವರದಿಯಲ್ಲಿ ರೈತನ ಮನಸ್ಸಿನ ಮೇಲೆ ಆದ ಪರಿಣಾಮವೂ ತಿಳಿದುಬಂತು. ಹೇಗೂ ನೆರೆಯಲ್ಲಿ ಹೋಗುವುದೆಂದು ಗೊಬ್ಬರಕ್ಕೆ ಹಣ ಹಾಕಲು ಹಿಂಜರಿಯುತ್ತಿದ್ದವನು, ಬೀಜದ ಮೇಲೆ ನಂಬಿಕೆ ಬಂದ ಮೇಲೆ ಹೆಚ್ಚು ಗೊಬ್ಬರ ಹಾಕಿದ, ಹೆಚ್ಚು ನೆಲದಲ್ಲಿ ಬಿತ್ತಿದ. ನೆರೆ ಬಾರದ ವರ್ಷದಲ್ಲಿಯೂ ಅವನ ಕಣಜ ತುಂಬುವುದಕ್ಕೆ ಅದೇ ಕಾರಣವಾಯಿತು. ನೆರೆಗಿಂತ ನೆರೆಯ ಭಯ ಎಷ್ಟು ಬತ್ತವನ್ನು ತಿಂದುಹಾಕುತ್ತಿತ್ತೆಂದು ಆ ಮೊದಲು ಯಾರೂ ಅಳೆದು ನೋಡಿರಲಿಲ್ಲವೆಂದು ಕಾಣುತ್ತದೆ.

ಹಾಗೆಂದು ಈ ಬತ್ತ ಅಮೃತಬಳ್ಳಿಯಲ್ಲ. ಅದು ತಾಳುವುದು ಎರಡು ವಾರ, ಬಹಳವೆಂದರೆ ಇನ್ನೂ ಎರಡು ಮೂರು ದಿನ. ರಾಡಿನೀರಾದರೆ ಅಷ್ಟೂ ಇಲ್ಲ, ಏಕೆಂದರೆ ನೀರಿನೊಳಗೂ ಎಲೆಗೆ ಸ್ವಲ್ಪ ಬೆಳಕು ಬೇಕು. ಬಿತ್ತಿದ ಬೀಜ ಮೊಳೆಯುವ ಮುನ್ನವೇ ಮುಳುಗಿದರೆ, ಅಥವಾ ಮೊಣಕಾಲುದ್ದದ ನೀರು ತಿಂಗಳುಗಟ್ಟಲೆ ಕದಲದೆ ನಿಂತರೆ ಸಬ್ ೧ ಕೆಲಸಕ್ಕೆ ಬಾರದು. ನಿದ್ರಿಸುವವನು ಎಷ್ಟು ದಿನವೆಂದು ನಿದ್ರಿಸಿಯಾನು?

ಗುರುತು ನೋಡಿ ತಳಿ ಬೆಳೆಸುವ ವಿಧಾನ ನೆರೆಗಷ್ಟೇ ಮೀಸಲಾಗಿಲ್ಲ. ಇದಕ್ಕಿಂತ ಮೊದಲೇ, ೨೦೦೫ರಲ್ಲಿ, ಹರಿಯಾಣ, ರಾಜಸ್ಥಾನಗಳ ಒಣಸೀಮೆಗೆ ಬೂಜುರೋಗ ತಡೆಯುವ ಸಜ್ಜೆಯೊಂದು ಹೀಗೆಯೇ ಬಂದಿತ್ತು. ಹೈದರಾಬಾದಿನ ಎರಡು ಸಂಸ್ಥೆಗಳು ಕೂಡಿ ಸಾಂಬಾ ಮಹ್ಸೂರಿಗೆ ಎಲೆ ಒಣಗಿಸುವ ರೋಗವನ್ನು ತಡೆಯುವ ಮೂರು ವಂಶವಾಹಿಗಳನ್ನು ಒಟ್ಟಿಗೆ ಸೇರಿಸಿದುವು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿಡಿದದ್ದು ನೆರೆಗೆ ನೇರ ಎದುರಾದ ದಾರಿಯನ್ನು: ಗದ್ದೆಯಲ್ಲಿ ನೀರು ನಿಲ್ಲಿಸದೆ, ರಾಗಿಯಂತೆ ನೆಲಕ್ಕೆ ಬಿತ್ತಿ ಬೆಳೆಯಬಹುದಾದ ಬತ್ತ. ೨೦೦೭ರಲ್ಲಿ ಬಿಡುಗಡೆಯಾದ ಆ ತಳಿಗೆ ಶಾರದಾ ಎಂದು ಹೆಸರು, ಕಡತದಲ್ಲಿ ಎಂ.ಎ.ಎಸ್. ೯೪೬-೧. ಆ ಮೂರು ಅಕ್ಷರಗಳು ಗುರುತು ನೋಡಿ ಆರಿಸುವ ಈ ವಿಧಾನದ ಇಂಗ್ಲಿಷ್ ಹೆಸರಿನವೇ.

ಒಂದು ಕಡೆ ನೀರು ಹೆಚ್ಚು, ಇನ್ನೊಂದು ಕಡೆ ನೀರೇ ಇಲ್ಲ. ಒಡಿಶಾದ ರೈತನಿಗೆ ಎಷ್ಟೋ ಸಲ ಒಂದೇ ಗದ್ದೆಯಲ್ಲಿ ಒಂದೇ ವರ್ಷ ಎರಡೂ ಬರುತ್ತವೆ: ನಾಟಿಯ ಹಿಂದೆಯೇ ನೆರೆ, ತೆನೆ ಹಾಲುಗಟ್ಟುವಾಗ ಬರ. ಕಟಕ್‌ನ ರಾಷ್ಟ್ರೀಯ ಬತ್ತ ಸಂಶೋಧನ ಸಂಸ್ಥೆಯವರು ಸಬ್ ೧ರ ಜೊತೆಗೆ ಬರವನ್ನು ತಾಳುವ ತಾಣಗಳನ್ನೂ ಗುರುತಿನ ನೆರವಿನಿಂದ ಸೇರಿಸಿ, ಸಿ.ಆರ್. ಧಾನ್ ೮೦೧ ಎಂಬ ತಳಿಯನ್ನು ಈಚಿನ ವರ್ಷಗಳಲ್ಲಿ ಹೊರತಂದಿದ್ದಾರೆ. ಅದರ ಮೈ ಬಹುಮಟ್ಟಿಗೆ ಸ್ವರ್ಣದ್ದೇ.